ಹೀಟರಿನೊಳಗೆ ವಾಸವಿದ್ದ ಸೋರಿಕೆ ಮಹಾಶಯರಿಗೆ

ನನ್ನ ಜೀಪಿನ ಇಂಜಿನ್ ತಣಿಸುವ ಕೂಲಂಟನ್ನು ಯಾರ ಕಣ್ಣಿಗೂ ಬೀಳದಂತೆ ಹೊರಗೆ ಸಾಗಿಸುತ್ತ ಬಂದ ಮಾನ್ಯ ಸೋರಿಕೆಯವರೇ,

ಹಳಿಯಾಳದಲ್ಲಿ ಬಾಡಿಗೆ ಜೀಪು ಓಡಿಸಿ ಹೊಟ್ಟೆ ಹೊರೆಯುವ ಮಹಾಂತಪ್ಪನು ಜೀಪಿನ ಬಾನೆಟ್ಟಿಗೆ ಕೈಮುಗಿದು ಮಾಡುವ ಅರಿಕೆ. ತಾವು ಕ್ಷೇಮವೆಂದು ನಂಬಿದ್ದೇನೆ. ನಾವೂ ತಮ್ಮ ದಯೆಯಿಂದ ಹೇಗೋ ಬದುಕಿ ಉಳಿದಿದ್ದೇವೆ.

ತಮ್ಮ ಮರ್ಯಾದೆಯ ನಡತೆಯನ್ನು ಎಷ್ಟು ಹೊಗಳಿದರೂ ಸಾಲದು. ಊರೂರಿನ ನೀರಿನ ಪೈಪುಗಳು ನಡುಬೀದಿಯಲ್ಲಿ ನಾಚಿಕೆಯಿಲ್ಲದೆ ಸೋರುವ ಈ ಕಾಲದಲ್ಲಿ ತಾವು ನೆಲಕ್ಕೆ ಒಂದು ಹನಿಯನ್ನೂ ಬೀಳಿಸಲಿಲ್ಲ. ಜೀಪಿನಡಿ ಹಾಸಿದ ಹಳೆಯ ಪೇಪರು ಒಣಗಿಯೇ ಇರುತ್ತಿತ್ತು, ರೇಡಿಯೇಟರಿನ ನೀರು ಮಾತ್ರ ಇಳಿದಿರುತ್ತಿತ್ತು. ಮೆಕ್ಯಾನಿಕ್ ಮಲಿಕಸಾಬರು ಜೀಪಿನಡಿ ಮಲಗಿ, ಎದ್ದು, ಮತ್ತೆ ಮಲಗಿ, "ಎಲ್ಲೂ ಸೋರೂದಿಲ್ರಿ ಅಣ್ಣಾರ, ಗಾಡಿ ನೀರ ಕುಡ್ಯಾಕತ್ತೈತಿ" ಎಂದು ತೀರ್ಪು ಕೊಟ್ಟು, ಎಲ್ಲಾದರೂ ತೂತಿದ್ದರೆ ಮುಚ್ಚಲೆಂದು ನಮ್ಮ ಕಡೆಯ ಪದ್ಧತಿಯಂತೆ ರೇಡಿಯೇಟರಿಗೆ ಒಂದು ಮುಷ್ಟಿ ಅರಿಶಿನಪುಡಿ ಸುರಿದರು. ಆ ಅರಿಶಿನದ ಮಾನ ಕಾಯಲು ತಾವು ನಾಲ್ಕು ದಿನ ಸುಮ್ಮನಿದ್ದಿರಿ, ಅದಕ್ಕೂ ಋಣಿ.

ತಾವು ಬಿಡಾರ ಹೂಡಿದ ಕಾಲವೂ ಎಂಥ ಜಾಣತನದ್ದು! ಕೂಲಂಟಿಗೆ ಸಿಹಿ ವಾಸನೆ ಇರುತ್ತದಂತೆ. ಆದರೆ ಕಬ್ಬು ನುರಿಸುವ ಹಂಗಾಮಿನಲ್ಲಿ ಇಡೀ ಹಳಿಯಾಳವೇ ಸಿಹಿ ವಾಸನೆ ಹೊಡೆಯುವಾಗ ಒಂದು ಬಡ ಜೀಪಿನ ಮೇಲೆ ಯಾರಿಗೆ ಅನುಮಾನ ಬಂದೀತು? ಮುಂದಿನ ಸೀಟಿನ ಕೆಳಗಿನ ಚಾಪೆ ಅಂಟಂಟಾಗಿದೆಯೆಂದು ಹೆಂಡತಿ ಸಿದ್ದಕ್ಕ ಹೇಳಿದಾಗ, ಕಬ್ಬಿನ ಹಾಲು ಚೆಲ್ಲಿದವಳು ನೀನೇ ಎಂದು ಗದರಿದೆ. ಜೋಯಿಡಾಕ್ಕೆ ಕೊಟ್ಟ ಮಗಳು ರೂಪಾಲಿ, ತುಂಬು ಬಸುರಿ, ಜೀಪು ಹತ್ತಿದಾಗಲೆಲ್ಲ ಮೂಗಿಗೆ ಸೆರಗು ಒತ್ತಿ, "ಅಪ್ಪಾ, ಈ ಗಾಡ್ಯಾಗ ಏನೋ ಸಿಹಿ ಸಿಹಿ ನಾರತೈತಿ" ಎಂದರೆ, ಅದು ಕಬ್ಬಿನ ವಾಸನೆ, ಬಸುರಿಗೆ ಅನ್ನವೂ ನಾರುತ್ತದೆಂದು ನಕ್ಕೆ. ಗಾಜಿಗೆ ಒಳಗಿನಿಂದ ಮಬ್ಬು ಹಿಡಿದರೆ ಜೋಯಿಡಾದ ಮಂಜೆಂದು ಒರೆಸಿದೆ. ಹೀಗೆ ತಮ್ಮ ಪರವಾಗಿ ವಾದಿಸಿ ಕಬ್ಬು, ಬಸುರು, ಮಂಜುಗಳ ಮೇಲೆ ಆರೋಪ ಹೊರಿಸಿದ ವಕೀಲ ನಾನೇ, ಫೀಸು ಬೇಡ.

ಚೊಚ್ಚಲ ಹೆರಿಗೆಗೆಂದು ರೂಪಾಲಿಯನ್ನು ನಾನೂ ಸಿದ್ದಕ್ಕನೂ ತವರಿಗೆ ಕರೆತರುವ ದಿನ, ದಾಂಡೇಲಿ ಇನ್ನೂ ದೂರವಿರುವಾಗ, ನಡುಕಾಡಿನಲ್ಲಿ ಆಕೆಗೆ ನೋವು ಕಾಣಿಸಿಕೊಂಡ ಹೊತ್ತನ್ನೇ ನೋಡಿ ತಾವು ಉಳಿದದ್ದನ್ನೆಲ್ಲ ಒಮ್ಮೆಲೇ ಸುರಿಸಿದಿರಿ. ಡ್ಯಾಶ್‌ಬೋರ್ಡಿನ ಕಿಂಡಿಗಳಿಂದ ಬಿಸಿ ಉಗಿ ನುಗ್ಗಿತು, ಇಂಜಿನ್ ಕುದಿದು ನಿಂತಿತು, ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಮಗಳು ಕೈಬಿಟ್ಟು ಹೋಗುತ್ತಾಳೆಂದು ಹೆದರಿದೆ. ಆಕೆ ಹಲ್ಲು ಕಚ್ಚಿಕೊಂಡೇ, "ಅಪ್ಪಾ, ಇಲ್ಲಿ ಎಲ್ಲೈತಿ ಕಬ್ಬು, ತೋರಸು" ಎಂದಳು. ಸುತ್ತ ಸಾಗವಾನಿ ಮರಗಳ ಹೊರತು ಏನೂ ಇರಲಿಲ್ಲ. ಹಿಂದಿನಿಂದ ಬಂದ ಬಸ್ಸಿನವರು ಆಕೆಯನ್ನು ಉದ್ದ ಸೀಟಿನಲ್ಲಿ ಮಲಗಿಸಿ, ಸ್ಟಾಪುಗಳನ್ನೆಲ್ಲ ಬಿಟ್ಟು, ದಾಂಡೇಲಿಯ ಆಸ್ಪತ್ರೆಯ ಬಾಗಿಲಿಗೇ ಬಸ್ಸು ಒಯ್ದು ನಿಲ್ಲಿಸಿದರು. ಹೆಣ್ಣು ಮಗು; ಇಬ್ಬರೂ ಉಳಿದರು.

ಆಮೇಲೆ ಮಲಿಕಸಾಬರು ಡ್ಯಾಶ್‌ಬೋರ್ಡು ಬಿಚ್ಚಿದಾಗ ತಮ್ಮ ದರ್ಶನವಾಯಿತು. ಕೂಲಂಟು ಹಾದುಹೋಗುವ, ಹಳಿಯಾಳದ ಸೆಕೆಯಲ್ಲಿ ನಾವು ಒಮ್ಮೆಯೂ ಹಚ್ಚದ ಹೀಟರಿನ ಪೆಟ್ಟಿಗೆಯಲ್ಲಿ ತಾವು ಬಾಡಿಗೆ ಕೊಡದೆ ಬೆಚ್ಚಗೆ ಕುಳಿತಿದ್ದಿರಿ. ಆದ್ದರಿಂದ ನನ್ನ ಸಣ್ಣ ವಿನಂತಿ: ಇನ್ನು ಮುಂದೆ ಸೋರುವ ಮೊದಲು ಗಾಜಿಗೆ ಒಂದು ನೋಟಿಸು ಅಂಟಿಸಬೇಕು, ಸಿಹಿಯ ಬದಲು ಸುಟ್ಟ ಮೆಣಸಿನಕಾಯಿಯ ಘಾಟು ಬಿಡಬೇಕು, ಬಸುರಿಯರು ಜೀಪಿನಲ್ಲಿರುವ ದಿನ ರಜೆ ಹಾಕಬೇಕು.

ಕುದಿದು ಈಗಷ್ಟೇ ತಣ್ಣಗಾಗುತ್ತಿರುವ,
ತಮ್ಮ ವಿಶ್ವಾಸಿ,
ಮಹಾಂತಪ್ಪ

ತಾ.ಕ.: ಮಲಿಕಸಾಬರು ಹೀಟರನ್ನೇ ಕಿತ್ತು, ಪೈಪಿಗೆ ಪೈಪು ಜೋಡಿಸಿ, ತಮ್ಮ ಮನೆಯನ್ನು ಇಲ್ಲವಾಗಿಸಿದ್ದಾರೆ. ಈ ಸುದ್ದಿಯನ್ನು ಸಿದ್ದಕ್ಕನಿಗೆ ಹೆಮ್ಮೆಯಿಂದ ಹೇಳಿದೆ. ಆಕೆ ಮೊಮ್ಮಗಳನ್ನು ತೊಡೆಯ ಮೇಲೆ ತಟ್ಟುತ್ತ, ತಲೆ ಎತ್ತದೆ ಹೇಳಿದಳು: "ಗಾಡಿ ಎಲ್ಲಿ ಸೋರತೈತಿ ಅಂತ ಸಿಕ್ತಲ್ಲ, ಛಲೋ ಆತು. ನಾವು ಹೇಳಿದ್ದು ನಿಮ್ಮ ಕಿವ್ಯಾಗಿಂದ ಎಲ್ಲಿ ಸೋರಿ ಹೋಗತೈತಿ, ಅದನ್ನೂ ಒಮ್ಮೆ ಮಲಿಕಸಾಬರಿಗೆ ತೋರಸ್ರಿ."