ಕೋತಿಗೂ ಬಸವನಹುಳುವಿಗೂ ಇರುವ ವ್ಯತ್ಯಾಸ

ಹಳೇ ಸ್ಕೂಟರನ್ನು ವಾಲಿಸಿ ಒದೆಯಬೇಕಾದರೆ ಎರಡೂ ಕೈ ಬೇಕು. ಅದಕ್ಕೇ ಶಿವಮಲ್ಲಪ್ಪ ಮನೆಗೆ ಬೀಗ ಹಾಕಿ ಬಂದವನು ಕೈಲಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಕಾಂಪೌಂಡ್ ಗೋಡೆಯ ಮೇಲಿಟ್ಟ. ಒಳಗಿದ್ದದ್ದು ಮಗಳು ಲಾಸ್ಯ ಕಾರಂಜಿ ಕೆರೆಯಿಂದ ತಂದು ಹದಿನೈದು ದಿನ ಸೊಪ್ಪು ಹಾಕಿ ಸಾಕಿದ್ದ ಬಸವನಹುಳು.

ಅಂದು ಐದನೇ ಕ್ಲಾಸಿನವರ ವಿಜ್ಞಾನ ವಸ್ತುಪ್ರದರ್ಶನ. ಚೀಟಿ ಎತ್ತಿದಾಗ ಲಾಸ್ಯಳಿಗೆ ಬಂದ ವಿಷಯ 'ಕೋತಿ ಮತ್ತು ಸಿಹಿನೀರಿನ ಬಸವನಹುಳು'. ಚಾರ್ಟು ಹಿಡಿದು ಅಮ್ಮ ಗಿರಿಜಾಂಬಾಳ ಜೊತೆ ಮೊದಲೇ ಹೊರಟಿದ್ದಳು.

"ಹತ್ತು ಗಂಟೆಗೆ ಜಡ್ಜ್‌ಗಳು ನೋಡೋಕ್ ಬರ್ತಾರಪ್ಪ. ಚಾರ್ಟಲ್ಲಿರೋದು ಬರೀ ಚಿತ್ರ. ಜೀವ ಇರೋದು ಇದೊಂದೇ," ಎಂದು ಡಬ್ಬಿಯನ್ನು ಅಪ್ಪನ ಕೈಗೆ ಒಪ್ಪಿಸಿದ್ದಳು.

ಮೂರನೇ ಒದೆತಕ್ಕೆ ಸ್ಕೂಟರ್ ಗುರ್ ಎಂದಿತು. ತಿರುಗಿ ನೋಡಿದರೆ ಡಬ್ಬಿ ಪಕ್ಕದ ಮನೆಯ ತಾರಸಿಯಲ್ಲಿ, ಕೋತಿಯೊಂದರ ಮಡಿಲಲ್ಲಿತ್ತು.

"ಬಾಳೆಹಣ್ಣು ತೋರ್ಸಿ ಕಣ್ರೀ, ಡಬ್ಬಿ ಬುಟ್ಬುಡ್ತದೆ!" ಪಕ್ಕದ ಮನೆಯ ಸುಂದರಮ್ಮ ಕೂಗಿದರು.

ಶಿವಮಲ್ಲಪ್ಪ ಬೀಗ ತೆಗೆದು ಒಳಗೋಡಿ ಬಾಳೆಹಣ್ಣು ತಂದ.

"ಹಣ್ಣು ಕಂಡ್ರೆ ಅದರ ಸಂಸಾರವೇ ಬರ್ತದೆ, ಒಳಗಿಡಿ!" ಎದುರುಮನೆಯ ರುದ್ರಸ್ವಾಮಿ ಗದರಿಸಿದರು. "ನಾವ್ ಮಾಡಿದ್ನೇ ಕೋತಿ ಮಾಡೋದು. ಚಪ್ಪಲಿ ಎಸೀರಿ, ಅದು ಡಬ್ಬಿ ಎಸೀತದೆ."

ಹಣ್ಣನ್ನು ಒಳಗೆಸೆದು ಓಡಿಬಂದು ಶಿವಮಲ್ಲಪ್ಪ ಎರಡೂ ಚಪ್ಪಲಿ ಎಸೆದ. ಕೋತಿ ಒಂದನ್ನು ಮೂಸಿ ನೋಡಿ, ಇನ್ನೊಂದರ ಮೇಲೆ ಕೂತಿತು. ಆಮೇಲೆ ಮುಚ್ಚಳ ಕಿತ್ತು ಹುಳುವನ್ನು ಎತ್ತಿಕೊಂಡಿತು.

ಶಿವಮಲ್ಲಪ್ಪ ಅಯ್ಯಯ್ಯೋ ಎಂದು ಕೂಗಿಕೊಂಡ. ಹುಳುವಿಗೆ ಮಾತ್ರ ಯಾವ ಗಾಬರಿಯೂ ಇಲ್ಲ. ಮೈಯನ್ನು ಒಳಗೆಳೆದುಕೊಂಡು ಚಿಪ್ಪಿನ ಬಾಯಿಯ ಪುಟ್ಟ ಕದವನ್ನು ಭದ್ರವಾಗಿ ಹಾಕಿಕೊಂಡಿತು. ಕೋತಿ ಉಗುರು ಹಾಕಿತು, ಕಚ್ಚಿತು, ಕೊನೆಗೆ ಬೇಸತ್ತು ಸುಂದರಮ್ಮನವರ ಹೂವಿನ ಕುಂಡಕ್ಕೆ ಬಿಸಾಕಿತು. ಡಬ್ಬಿಯೂ ಉರುಳಿಬಿತ್ತು. ಶಿವಮಲ್ಲಪ್ಪ ಎರಡನ್ನೂ ಬಾಚಿಕೊಂಡು, ನೀರು ತುಂಬಿಸಿ, ಬರಿಗಾಲಲ್ಲೇ ಸ್ಕೂಟರ್ ಹತ್ತಿದ.

ಶಾಲೆ ಮುಟ್ಟಿದಾಗ ಹತ್ತಕ್ಕೆ ಐದು ನಿಮಿಷ. ಲಾಸ್ಯ ಡಬ್ಬಿಗಿಂತ ಮೊದಲು ಅಪ್ಪನ ಕಾಲು ನೋಡಿ, "ಕಲ್ಲು ಚುಚ್ತಾ ಅಪ್ಪಾ?" ಎಂದಳು. ಶಿವಮಲ್ಲಪ್ಪ ಡಬ್ಬಿಯನ್ನು ಅವಳ ಕೈಗಿಟ್ಟ.

"ಕೋತಿಗೆ ಮನೆ ಇಲ್ಲ. ಬಸವನಹುಳುವಿಗೆ ಮನೆ ಇದೆ. ಬಾಗಿಲೂ ಇದೆ," ಎಂದು ಲಾಸ್ಯ ಓದುತ್ತಿದ್ದಂತೆ ಹುಳು ಮೆಲ್ಲಗೆ ಕದ ತೆರೆದು ಕೊಂಬು ಚಾಚಿತು. ಮೊದಲ ಬಹುಮಾನ ಅವಳಿಗೇ ಬಂತು.

ಸಂಜೆ ಮೂವರೂ ಹುಳುವನ್ನು ಕೆರೆಗೆ ಬಿಟ್ಟು ಮನೆಗೆ ಬಂದರು. ಮುಂಬಾಗಿಲು ಹಾರುಹೊಡೆದಿತ್ತು. ಒಳಗೆ ಅದೇ ಕೋತಿ, ಸಂಸಾರಸಮೇತ, ಸಿಪ್ಪೆಗಳ ನಡುವೆ ಸೋಫಾದಲ್ಲಿ ಕೂತಿತ್ತು. ಗಿರಿಜಾಂಬಾ ಅಂಗಳದ ಪೊರಕೆ ಎತ್ತಿ ಗಂಡನ ಕೈಗಿಟ್ಟಳು. ಬೈದಿದ್ದರೇ ವಾಸಿಯಿತ್ತು.

ಲಾಸ್ಯ ಮೆಟ್ಟಿಲ ಮೇಲೆ ಚಾರ್ಟು ಹರಡಿ, ಕೋತಿ, ಬಸವನಹುಳುಗಳ ಪಕ್ಕ ಇನ್ನೊಂದು ಗೀಟು ಎಳೆದು ಬರೆದಳು:

"ಅಪ್ಪ. ಮನೆ ಇದೆ. ಬಾಗಿಲೂ ಇದೆ. ಹಾಕಲು ಬರುವುದಿಲ್ಲ. ತುಂಬ ಒಳ್ಳೆಯ ಪ್ರಾಣಿ."