ಅಮ್ಮನ ಎಡಗಣ್ಣಿನ ಮೂರು ಗೆರೆ

"ಈ ಕ್ಯಾಮೆರಾಕ್ಕೆ ಸುಳ್ಳು ಹೇಳೋಕೆ ಬರೋದೇ ಇಲ್ಲ ಕಣೋ ಸೇತು!" ಎಂದು ಪ್ರಹ್ಲಾದ ಭಾವ ಅದನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದರು.

ಇವರು ನನ್ನ ವಾರಿಜಕ್ಕನ ಗಂಡ. ತುಮಕೂರಿನಲ್ಲಿ ಮೂವತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲೇ ಫೋಟೋ ಸ್ಟುಡಿಯೋ ನಡೆಸುತ್ತಿದ್ದಾರೆ. ಬಿಡುವಿದ್ದಾಗ ಯಂತ್ರ ಕಂಡುಹಿಡಿಯುತ್ತಾರೆ. ದುರದೃಷ್ಟಕ್ಕೆ ಅವರಿಗೆ ಬಿಡುವು ಬಹಳ.

"ಮೀಡಿಯಂ ಫಾರ್ಮ್ಯಾಟ್! ಮುಖಾನ ಹತ್ತು ಕೋಟಿ ಚುಕ್ಕೀಲಿ ಹಿಡಿಯುತ್ತೆ. ಹುಬ್ಬಿನ ಕೂದಲು ಒಂದೊಂದೂ ಎಣಿಸಬಹುದು!"

"ಎಣಿಸಿ ಏನ್ ಮಾಡ್ಬೇಕ್ರೀ?" ಅಡುಗೆಮನೆಯಿಂದ ಅಕ್ಕ ಕೇಳಿದಳು.

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಗಿರಾಕಿಗಳು ದೊಡ್ಡ ಪರದೆಯ ಮೇಲೆ ತಮ್ಮ ಮುಖವನ್ನು ನೋಡಿ ಕಂಗಾಲಾಗಿ ಎದ್ದು ಹೋಗುತ್ತಿದ್ದರು. ಹೋಗದವರು, "ಸ್ವಲ್ಪ ಟಚಪ್ ಮಾಡ್ಬಿಡಿ ಸಾರ್" ಎನ್ನುತ್ತಿದ್ದರು. ನಮ್ಮೂರಲ್ಲಿ ಫೋಟೋ ತೆಗೆಸಿಕೊಂಡವರು ಹೀಗೆ ಹೇಳದೆ ಹೊರಟ ದಿನವೇ ಇಲ್ಲ. ಭಾವನಿಗೆ ಆ ಮಾತು ಕೇಳಿದರೆ ಮೈಯೆಲ್ಲಾ ಉರಿ.

"ಕಂಪ್ಯೂಟರ್‌ನಲ್ಲಿ ಸುಕ್ಕು ಒರೆಸೋದು ಮೋಸ. ಮುಖದ ಮೇಲೇ ಒರೆಸಿಬಿಟ್ರೆ? ಆಗ ಫೋಟೋ ನೂರಕ್ಕೆ ನೂರು ಸತ್ಯ!" ಎಂದು ಕ್ಯಾಮೆರಾದ ಬೆನ್ನಿಗೆ ಒಂದು ಸ್ಟೀಲ್ ಡಬ್ಬಿ ತಗುಲಿಸಿದರು. ಅದರ ಹೆಸರು ಸುಕ್ಕುಹೀರಿ.

ಮೊದಲು ಕೂತವರು ನಿವೃತ್ತ ಹೆಡ್‌ಮಾಸ್ಟರ್ ರಂಗಶಾಮಯ್ಯನವರು. ಅವರ ಹುಬ್ಬುಗಳ ನಡುವೆ ಎರಡು ನೆಟ್ಟನೆಯ ಗೆರೆಗಳಿದ್ದವು. ಅವನ್ನು ಕಂಡೇ ನಾವೆಲ್ಲ ಮಗ್ಗಿ ಕಲಿತವರು. ಭಾವ ಗುಂಡಿ ಒತ್ತಿದರು. ಡಬ್ಬಿ 'ಸುರ್ರ್' ಎಂದಿತು. ಗೆರೆಗಳು ಫೋಟೋದಲ್ಲೂ ಇಲ್ಲ, ಮುಖದಲ್ಲೂ ಇಲ್ಲ! ಮೇಷ್ಟ್ರು ಕನ್ನಡಿ ನೋಡಿಕೊಂಡು ಹಿಗ್ಗಿ, ಭಾವನ ಕೈ ಕುಲುಕಿ ಹೋದರು.

"ಆ ಗೆರೆ ಎಲ್ಲಿಗೆ ಹೋಯ್ತು ಭಾವ?"

"ಡಬ್ಬೀಲಿದೆ. ಎಲ್ಲಿಗೆ ಹೋಗುತ್ತೆ?"

ಆಗಲೇ ನಾನು ಎದ್ದು ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಅಮ್ಮನಿಗೆ ಎಂಬತ್ತು ದಾಟಿ, ಸಹಸ್ರಚಂದ್ರ ದರ್ಶನದ ಶಾಂತಿ ನಿಗದಿಯಾಗಿತ್ತು. ಆಹ್ವಾನ ಪತ್ರಿಕೆಗೆ ಅವಳದೊಂದು ಒಳ್ಳೆಯ ಫೋಟೋ ಬೇಕಿತ್ತು. ಮಾರನೆಯ ದಿನವೇ ಅವಳನ್ನು ಕರೆತಂದೆ.

ಅಮ್ಮನ ಕಣ್ಣಿನ ಎರಡೂ ಮೂಲೆಗಳಲ್ಲಿ ಮೂರು ಮೂರು ಗೆರೆ. ಅವಳು ಬಾಯಿ ಬಿಟ್ಟು ನಗುವವಳಲ್ಲ. ಆ ಗೆರೆಗಳು ಒತ್ತಿಕೊಂಡವೆಂದರೆ ನಗು ಬಂತೆಂದು ಅರ್ಥ. ಗಣಿತದಲ್ಲಿ ಫೇಲಾಗಿ ಬಂದ ದಿನ ನಾನು ಬಾಗಿಲಲ್ಲೇ ನಿಂತು ಮೊದಲು ನೋಡಿದ್ದು ಅವಳ ಎಡಗಣ್ಣನ್ನು. ಗೆರೆ ಒತ್ತಿಕೊಂಡಿತು. ಧೈರ್ಯವಾಗಿ ಒಳಗೆ ಬಂದಿದ್ದೆ.

"ನಂಗೇನೂ ಒರೆಸ್ಬೇಡಿ ಅಳಿಯಂದ್ರೇ, ಇದ್ದ ಹಾಗೇ ತೆಗೀರಿ" ಎಂದಳು ಅಮ್ಮ.

"ಅಮ್ಮನ ಮುಖದ ತಂಟೆಗೆ ಹೋಗ್ಬೇಡ್ರೀ!" ಎಂದಳು ಅಕ್ಕ.

"ಪತ್ರಿಕೆ ನಾಲ್ಕು ಜನ ನೋಡ್ತಾರೆ, ಚೆನ್ನಾಗಿ ಕಾಣ್ಬೇಡ್ವಾ? ನೀವು ಒತ್ತಿ ಭಾವ" ಎಂದವನು ನಾನೇ. ಬೇರೆ ಯಾರ ಮೇಲೂ ಈ ತಪ್ಪನ್ನು ಹಾಕುವ ಹಾಗಿಲ್ಲ.

ಸುರ್ರ್!

ಅಮ್ಮನ ಮುಖ ಒರೆಸಿಟ್ಟ ಸ್ಲೇಟಿನಂತಾಯಿತು. ಅವಳು ನಮ್ಮನ್ನೇ ನೋಡುತ್ತಾ ಕೂತಳು.

"ಯಾಕಮ್ಮ, ತಲೆ ಸುತ್ತುತ್ತಾ?" ಅಕ್ಕ ಗಾಬರಿಯಾದಳು.

"ನಗ್ತಾ ಇದ್ದೀನಲ್ಲೇ!"

ನಮಗೆ ಗೊತ್ತೇ ಆಗಲಿಲ್ಲ. ಸಂಜೆ ನಮ್ಮ ಮನೆಗೆ ಹೂವಿನವಳು ಬಂದು ಅಮ್ಮನನ್ನೇ, "ಅಜ್ಜಿ ಇಲ್ವಾ?" ಎಂದು ಕೇಳಿದಳು. ಅಮ್ಮ ಒಳಗೆ ಹೋಗಿ ಮಲಗಿದಳು. ನನಗೆ ಊಟ ಸೇರಲಿಲ್ಲ. ಆ ಫೋಟೋವನ್ನು ಮುದ್ರಣಕ್ಕೆ ಕಳಿಸುವ ಮನಸ್ಸೂ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸ್ಟುಡಿಯೋಗೆ ಹೋದರೆ ರಂಗಶಾಮಯ್ಯನವರು ನನಗಿಂತ ಮೊದಲೇ ಬಂದು ಕೂಗಾಡುತ್ತಿದ್ದರು.

"ನನ್ನ ಗೆರೆ ವಾಪಸ್ ಕೊಡಯ್ಯಾ! ಗದರಿದ್ರೆ ಮೊಮ್ಮಕ್ಕಳು, 'ತಾತ, ಇನ್ನೊಂದ್ಸಲ ಮಾಡು' ಅಂತ ಚಪ್ಪಾಳೆ ತಟ್ತವೆ!"

"ಅದಕ್ಕೇನ್ ಸಾರ್, ಸ್ವಿಚ್ಚು ತಿರುವಿ ಹಾಕಿದ್ರೆ ಆಯ್ತು!" ಎಂದರು ಭಾವ.

"ತಿರುವಿ ಹಾಕಿ ಪರೀಕ್ಷೆ ಮಾಡಿದ್ದೀರಾ?" ಎಂದಳು ಅಕ್ಕ.

"ಈಗ ಮಾಡ್ತೀನಲ್ಲ!"

ಅಮ್ಮನನ್ನು ಮತ್ತೆ ಕರೆತಂದು ಮೇಷ್ಟ್ರ ಪಕ್ಕದಲ್ಲಿ ಕೂರಿಸಿದೆವು. ಬೆಳಕು ಅಮ್ಮನ ಮೇಲೆ ಬೀಳಲೆಂದು ನಾನು ಬಿಳಿಯ ಥರ್ಮಾಕೋಲ್ ಹಲಗೆ ಹಿಡಿದು ನಿಂತೆ. ಗೆರೆ ಮರಳಿ ಬರುವುದನ್ನು ಕಣ್ಣಾರೆ ನೋಡುವ ಆತುರಕ್ಕೆ ಕ್ಯಾಮೆರಾದ ಮುಂದಕ್ಕೆ ಸ್ವಲ್ಪ ಹೆಚ್ಚೇ ಬಾಗಿಬಿಟ್ಟೆ.

"ಹಿಂದೆ ಸರಿಯೋ!" ಎಂದು ಭಾವ ಅರಚುವುದಕ್ಕೂ ಡಬ್ಬಿ 'ಢಬ್' ಎಂದು ಸಿಡಿಯುವುದಕ್ಕೂ ಸರಿಹೋಯಿತು!

ಹೊಗೆ ಇಳಿದಾಗ ಮೇಷ್ಟ್ರ ಎರಡು ಗೆರೆ ಅಮ್ಮನ ಹುಬ್ಬುಗಳ ನಡುವೆ ನಿಂತಿದ್ದವು. ಅಮ್ಮನ ಬಲಗಣ್ಣಿನ ಮೂರು ಮೇಷ್ಟ್ರಿಗೆ ಹೋಗಿದ್ದವು. ಎಡಗಣ್ಣಿನ ಮೂರು ನನಗೆ ಬಂದಿದ್ದವು. ಉಳಿದ ಚಿಲ್ಲರೆ ಸುಕ್ಕುಗಳೆಲ್ಲ ಲೆನ್ಸಿನ ಗಾಜಿಗೇ ಅಂಟಿದ್ದವು. ಈಗ ಆ ಕ್ಯಾಮೆರಾದಲ್ಲಿ ತೊಟ್ಟಿಲ ಕೂಸಿನ ಫೋಟೋ ತೆಗೆದರೂ ಎಂಬತ್ತರ ಮುದುಕನೇ ಬರುತ್ತಾನೆ!

ಡಬ್ಬಿ ಸುಟ್ಟು ಕರಕಲಾಯಿತು. ಇನ್ನೊಂದು ಮಾಡೋಣವೆಂದರೆ ಮೊದಲನೆಯದನ್ನು ಹೇಗೆ ಮಾಡಿದೆನೆಂಬುದು ಭಾವನಿಗೇ ನೆನಪಿಲ್ಲ. "ತಪ್ಪಾಯ್ತು ಅತ್ತೆ" ಎಂದು ತಲೆ ತಗ್ಗಿಸಿ ಕೂತರು. ಅವರು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಮ್ಮ, "ಹೋಗ್ಲಿ ಬಿಡಿ" ಎಂದಳು. ಹುಬ್ಬಿನ ಗೆರೆಗಳಿಂದಾಗಿ ಅದೂ ಗದರಿದಂತೆ ಕಂಡಿತು.

ಶಾಂತಿಯ ದಿನ ಅಮ್ಮ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಬಂದವರೆಲ್ಲ ಮನೆಪಾಠ ಮಾಡದ ಮಕ್ಕಳಂತೆ ಗಡಿಬಿಡಿಯಲ್ಲಿ ನಮಸ್ಕರಿಸಿ ಊಟದ ಕಡೆ ಓಡಿದರು. ಹತ್ತಿರ ಕೂತು ಎರಡು ಮಾತಾಡಿದವರಿಲ್ಲ. ಪತ್ರಿಕೆಯಲ್ಲಿ ಫೋಟೋದ ಜಾಗ ಖಾಲಿ ಇತ್ತು. ಅವಳ ಮುಖ ಇದ್ದ ಹಾಗೇ ಇದ್ದಾಗ ಒಂದು ಫೋಟೋ ತೆಗೆಸಿಟ್ಟುಕೊಳ್ಳದ ನನ್ನ ಬುದ್ಧಿಗೆ ಏನು ಹೇಳಲಿ? ಈಗ ದಿನಾ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯಲ್ಲಿ ಆ ಮೂರು ಗೆರೆ ಕಾಣುತ್ತವೆ.

ಶಾಂತಿಯ ದಿನ ಜನ ಕರಗಿದ ಮೇಲೆ ಅಮ್ಮ ನನ್ನನ್ನು ಹತ್ತಿರ ಕರೆದಳು.

"ಸೇತು, ಸ್ವಲ್ಪ ನಗೋ. ನಾನು ನಕ್ಕು ಎಷ್ಟು ದಿನ ಆಯ್ತು."

ಕಣ್ಣು ತುಂಬಿ ಬಂದಿತ್ತು. ಆದರೂ ನಕ್ಕೆ. ಅಮ್ಮ ನನ್ನ ಎಡಗಣ್ಣಿನ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಅರ್ಧಾನೇ ಬಂತು. ಹೋಗು, ಮೇಷ್ಟ್ರನ್ನೂ ಕರ್ಕೊಂಡ್ ಬಾ."