ಹತ್ತು ಸೀಟಿಯ ಜೀವವಿಕಾಸ

ಜೀವ ಹುಟ್ಟಿದಲ್ಲಿಂದ ಮನುಷ್ಯ ಬರುವವರೆಗಿನ ಮುನ್ನೂರೈವತ್ತು ಕೋಟಿ ವರ್ಷಗಳನ್ನು ಕಾರ್ಕಳದಲ್ಲಿ, ಒಂದು ಮೇಜಿನ ಮೇಲೆ, ಒಂದೇ ಪೀರಿಯಡ್ಡಿನಲ್ಲಿ ಆಡಿಸಿ ಮುಗಿಸುತ್ತೇನೆಂದು ೧೯೮೪ರಲ್ಲಿ ನಾನು ಪಣ ತೊಟ್ಟೆ. ಪ್ರಕೃತಿಗೆ ಸಾಧ್ಯವಾಗದ ಚುರುಕು ಉಮಾನಾಥನೆಂಬ ಈ ಪ್ರಾಣಿಶಾಸ್ತ್ರದ ಉಪನ್ಯಾಸಕನಿಗೆ ಸಾಧ್ಯ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ!

ಕಾರಣವಿತ್ತು. ಮಣಿಪಾಲದ ವಿಜ್ಞಾನ ಪ್ರದರ್ಶನಕ್ಕೆ ನಮ್ಮ ಕಾಲೇಜಿನಿಂದ ಹೋಗುವುದು ಪ್ರಿನ್ಸಿಪಾಲರು ಒಪ್ಪಿದ ಒಂದೇ ಮಾದರಿ. ಪ್ರತಿ ವರ್ಷವೂ ಭೌತಶಾಸ್ತ್ರದ ವಲೇರಿಯನ್ ತನ್ನ ತಿರುಗುವ ಸೌರಮಂಡಲವನ್ನು ಹೊತ್ತುಕೊಂಡು ಹೋಗುತ್ತಿದ್ದ. ನಾನು ನಾಗರಹಾವಿನ ಬಾಟಲಿಯನ್ನು ಒರೆಸಿ ಮತ್ತೆ ಕಪಾಟಿನಲ್ಲಿಡುತ್ತಿದ್ದೆ. ಈ ಸಲ ನಾನೇ ಹೋಗಬೇಕು. ಹೋಗಿಯೇ ತೀರಬೇಕು.

ಆಟಕ್ಕೆ ರಟ್ಟಿನ ಮೇಲೆ ಕಡಲು, ಹೊಳೆ, ಗದ್ದೆ, ಮರ ಎಂದು ಮನೆಗಳನ್ನು ಬರೆದೆ. ಕವಡೆ ಬಿದ್ದಂತೆ ಜೀವಿಗಳು ಮುಂದೆ ಹೋಗಬೇಕು. ಒಂದೇ ಆಹಾರ ತಿನ್ನುವ ಎರಡು ಜೀವಿಗಳು ಒಂದೇ ಮನೆಗೆ ಬಂದರೆ ಒಂದು ಆಹಾರ ಬದಲಿಸಬೇಕು, ಇಲ್ಲವೇ ಜಾಗ ಬಿಡಬೇಕು. ಎರಡೂ ಆಗದಿದ್ದರೆ ನಾಶ. ಈ ಗಹನ ತತ್ತ್ವವನ್ನು ಹೆಂಡತಿ ಸ್ವರ್ಣಲತಾಳಿಗೆ ಅರ್ಧ ಗಂಟೆ ವಿವರಿಸಿದೆ.

"ಉಡುಪಿಗೆ ಎಂಟು ಗಂಟೆಗೆ ಎರಡು ಬಸ್ಸು ಬಿಟ್ಟ ಹಾಗೆ ಅಲ್ವಾ?" ಎಂದಳು. "ಒಂದು ಟೈಮ್ ಬದಲಿಸಬೇಕು, ಇಲ್ಲದಿದ್ದರೆ ಬೇರೆ ರೂಟಿಗೆ ಹೋಗಬೇಕು. ಅದಕ್ಕೆ ಇಷ್ಟು ಭಾಷಣ ಎಂತಕ್ಕೆ?"

ನನಗೆ ಸಿಟ್ಟು ಬಂತು, ಆದರೆ ಉದಾಹರಣೆ ಚೆನ್ನಾಗಿತ್ತು.

ತೊಡಕಾದದ್ದು ಕಾಲಮಾನ. ಮೊದಲು ಒಂದು ಸುತ್ತಿಗೆ ಹತ್ತು ಲಕ್ಷ ವರ್ಷವೆಂದು ಇಟ್ಟೆ. ಮೂರು ಸಂಜೆ ಆಡಿದರೂ ಮೇಜಿನ ಮೇಲೆ ಬರೀ ಪಾಚಿ.

"ನಿಮ್ಮ ಮೀನು ಯಾವಾಗ ಬರುವುದು ಮಾರಾಯ್ರೆ? ಮಲ್ಪೆಯ ಮೀನು ಬಂದು, ಸಾರಾಗಿ, ಪಾತ್ರೆ ತೊಳೆದೂ ಆಯಿತು."

"ವಿಕಾಸಕ್ಕೆ ತಾಳ್ಮೆ ಬೇಕು."

"ನನಗೆ ಉಂಟು. ನಿಮ್ಮ ಪ್ರಿನ್ಸಿಪಾಲರಿಗೆ ಉಂಟಾ?"

ಒಂದು ಸುತ್ತಿಗೆ ಐವತ್ತು ಕೋಟಿ ವರ್ಷ ಮಾಡಿದೆ. ಅವಳು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಡೈನೋಸಾರುಗಳು ಬಂದು, ಮೆರೆದು, ಅಳಿದು ಹೋಗಿದ್ದವು.

"ನನ್ನದೆಲ್ಲಿ?"

"ನಾಶವಾಯಿತು."

"ನನ್ನನ್ನು ಒಂದು ಮಾತು ಕೇಳದೆಯಾ?"

ಅಷ್ಟರಲ್ಲಿ ಒಲೆಯ ಮೇಲೆ ಕುಕ್ಕರ್ ಸೀಟಿ ಹೊಡೆಯಿತು. ನನಗೆ ದಾರಿ ಹೊಳೆದುಬಿಟ್ಟಿತು! ನಮ್ಮ ಮನೆಯ ಕುಚ್ಚಲಕ್ಕಿ ಬೇಯಲು ಹತ್ತು ಸೀಟಿ ಬೇಕು. ಸೀಟಿಗೊಂದು ಸುತ್ತು. ಮೊದಲ ಮೂರು ಸೀಟಿಗೆ ನೂರು ನೂರು ಕೋಟಿ ವರ್ಷ. ಪಾಚಿಯ ಕಾಟ ಅಲ್ಲಿಗೇ ಮುಗಿಯಿತು. ಮುಂದಿನ ಏಳಕ್ಕೆ ಏಳೇಳು ಕೋಟಿ ಚಿಲ್ಲರೆ. ಹತ್ತನೆಯ ಸೀಟಿಗೆ ಮನುಷ್ಯ ಹಾಜರು! ಬರೀ ನೀರು ಕುದಿಸಿದರೂ ಸಾಕಿತ್ತು. ಆದರೆ ಸ್ವರ್ಣಲತಾ ಬಿಡಲಿಲ್ಲ: "ನೀರು ಕುದಿಸಲಿಕ್ಕೆ ಸೀಮೆಎಣ್ಣೆ ದಂಡ ಮಾಡುವುದು ಬೇಡ. ಅಕ್ಕಿ ಹಾಕಿ. ಅನ್ನವಾದರೂ ಆಗುತ್ತದೆ." ಮನೆಯಲ್ಲಿ ಆಡಿ ನೋಡಿದೆವು. ಮನುಷ್ಯನೂ ಅನ್ನವೂ ಒಟ್ಟಿಗೆ ತಯಾರಾದವು.

ಪ್ರಿನ್ಸಿಪಾಲರಿಗೆ ತೋರಿಸುವ ದಿನ ಅವಳು ಬಜಗೋಳಿಯ ತವರುಮನೆಗೆ ಹೋಗಿದ್ದಳು. ಬೆಳಿಗ್ಗೆ ನೋಡಿದರೆ ಕುಚ್ಚಲಕ್ಕಿಯ ಡಬ್ಬಿ ಖಾಲಿ. ಪಕ್ಕದಲ್ಲಿ ದೋಸೆಗೆಂದು ಇಟ್ಟ ಬೆಳ್ತಿಗೆ, ಅಂದರೆ ಬಿಳಿಯ ಅಕ್ಕಿ ಇತ್ತು. ಅಕ್ಕಿ ಯಾವುದಾದರೇನು ಎಂದು ಕುಕ್ಕರಿನ ತುಂಬ ಅದನ್ನೇ ಸುರಿದುಕೊಂಡು, ಸ್ಟವ್ವು ಎತ್ತಿಕೊಂಡು ಕಾಲೇಜಿಗೆ ನಡೆದೆ.

ಆಟ ರಂಗೇರಿತು. ಐದನೆಯ ಸೀಟಿಗೆ ಪ್ರಿನ್ಸಿಪಾಲ್ ಬೆಂಜಮಿನ್ ಅವರ ಕಪ್ಪೆಯೂ ವಲೇರಿಯನ್ನನ ಕಪ್ಪೆಯೂ ಒಂದೇ ಗದ್ದೆಗೆ ಬಂದಿಳಿದವು.

"ವಲೇರಿಯನ್, ನೀವು ಹೊಳೆಗೆ ಹೋಗಿ."

"ನಾನು ಮೊದಲು ಬಂದದ್ದು ಸಾರ್."

ಪ್ರಿನ್ಸಿಪಾಲರು ಗದ್ದೆಗಾಗಿ ವಾದಕ್ಕಿಳಿದದ್ದು ಕಂಡು ನಾನು ಮನಸ್ಸಿನಲ್ಲೇ ಮಣಿಪಾಲದ ಬಸ್ಸು ಹತ್ತಿದೆ. ಆರನೆಯ ಸೀಟಿ ಗೊರಗೊರ ಎಂದಿತು. ಏಳನೆಯದು ಬರಲೇ ಇಲ್ಲ. ತೂತಿನಿಂದ ಬಿಳಿಯ ಗಂಜಿ ಜಿನುಗತೊಡಗಿತು.

"ಅನ್ನ ಬೆಂದು ಆಯಿತು ಮಾರಾಯ, ಇಳಿಸು," ಎಂದ ವಲೇರಿಯನ್.

"ಮನುಷ್ಯ ಬರದೆ ಇಳಿಸುವುದಿಲ್ಲ," ಎಂದು ನಾನು ಸ್ಟವ್ವಿಗೆ ಇನ್ನೂ ನಾಲ್ಕು ಪಂಪು ಹೊಡೆದೆ.

ಢಬ್! ಕುಕ್ಕರಿನ ವಾಲ್ವು ಹಾರಿತು. ಮೇಲೆ ಮಾಡಿಗೆ ಚಿಮ್ಮಿದ ಗಂಜಿ ಕಡಲು, ಹೊಳೆ, ಗದ್ದೆಗಳ ಮೇಲೆ ಸಮನಾಗಿ ಸುರಿಯಿತು. ಪುಣ್ಯಕ್ಕೆ ಯಾರಿಗೂ ಸುಡಲಿಲ್ಲ. ಪ್ರಿನ್ಸಿಪಾಲರು ಕನ್ನಡಕ ಒರೆಸಿಕೊಂಡರು.

"ಎಲ್ಲ ಜೀವಿಗಳೂ ಒಟ್ಟಿಗೆ ನಾಶವಾಗುವುದು ನಿಮ್ಮ ನಿಯಮದಲ್ಲಿ ಉಂಟಾ ಉಮಾನಾಥರೇ?"

"ಇಲ್ಲ ಸಾರ್."

"ಹಾಗಾದರೆ ಮಣಿಪಾಲಕ್ಕೆ ಸೌರಮಂಡಲವೇ ಹೋಗಲಿ."

ಸಂಜೆ ಸ್ವರ್ಣಲತಾ ಬಂದು ಕರಟಿದ ಕುಕ್ಕರನ್ನು ಮಗುಚಿ ನೋಡಿದಳು. ನಾನು ಎಲ್ಲವನ್ನೂ ಹೇಳಿದೆ. ಮಣಿಪಾಲಕ್ಕೆ ಹೋಗುವ ಆಸೆ ಅಷ್ಟಿತ್ತು ನನಗೆ.

"ಬೆಳ್ತಿಗೆಗೆ ಮೂರು ಸೀಟಿ ಸಾಕೆಂದು ಗೊತ್ತಿಲ್ಲವಾ ನಿಮಗೆ?"

"ಇಲ್ಲ."

"ಮುನ್ನೂರೈವತ್ತು ಕೋಟಿ ವರ್ಷ ಕಳೆದರೂ ಒಂದು ಹಿಡಿ ಅನ್ನ ಬೇಯಿಸಲಿಕ್ಕೆ ಬಾರದ ಪ್ರಾಣಿ, ಇಷ್ಟು ಪೈಪೋಟಿಯಲ್ಲಿ ನಾಶವಾಗದೆ ಉಳಿದದ್ದು ಹೇಗೆ, ಅದಾದರೂ ಗೊತ್ತುಂಟಾ?"

ಇದು ನನ್ನ ವಿಷಯ. ತುಸು ಧೈರ್ಯ ಬಂತು. "ಹೇಗೆ, ನೀನೇ ಹೇಳು," ಎಂದೆ.

"ಮದುವೆಯಾಗಿ."